ಪಾರ್ಶ್ವವಾಯುವಿನ ನಂತರದ ಮರೆವಿಗೆ ಅಕ್ಯುಪಂಕ್ಚರ್ ಮಾಡಿಸಬಹುದೇ?

ಸೋಮವಾರಪೇಟೆಯಲ್ಲಿರುವ ನಿಮ್ಮ ತಂದೆಯವರಿಗೆ ಪಾರ್ಶ್ವವಾಯು ಹೊಡೆದ ಮೇಲೆ ಮರೆವು ಹೆಚ್ಚಿ, ಕಾಫಿ ತೋಟದ ಲೆಕ್ಕ ತಪ್ಪುತ್ತಿದೆ ಎಂದಿದ್ದೀರಿ. ಈಗಿನ ಚಿಕಿತ್ಸೆಯ ಜೊತೆಗೆ ಅಕ್ಯುಪಂಕ್ಚರ್ (ಸೂಜಿ ಚುಚ್ಚುವ ಚಿಕಿತ್ಸೆ) ಮಾಡಿಸಬಹುದು, ಅದನ್ನೇ ನೆಚ್ಚಿಕೊಳ್ಳಬೇಡಿ. ನೆನಪಿನ ಪರೀಕ್ಷೆಯ ಅಂಕ ಸ್ವಲ್ಪ ಏರಿದ್ದನ್ನು ತೋರಿಸುವ ಅಧ್ಯಯನಗಳಿವೆ. ಆದರೆ ಹೆಚ್ಚಿನವು ಚೀನಾದ ಸಣ್ಣ ಅಧ್ಯಯನಗಳು. ಚುಚ್ಚುವವರಿಗೆ ಯಾವುದು ನಿಜವಾದ ಚಿಕಿತ್ಸೆ, ಯಾವುದು ಹೋಲಿಕೆಗಾಗಿ ಕೊಡುವ ತೋರಿಕೆಯ ಚಿಕಿತ್ಸೆ ಎಂದು ಗೊತ್ತೇ ಇರುವುದರಿಂದ ಫಲಿತಾಂಶವನ್ನು ಪೂರ್ತಿ ನಂಬಲಾಗದು.

ಸಾಮಾನ್ಯವಾಗಿ ನೆತ್ತಿಯ ಬೈಹುಯಿ ಎಂಬ ಬಿಂದು ಮತ್ತು ಅದರ ಸುತ್ತಲಿನ 4 ಬಿಂದುಗಳಿಗೆ ಸೂಜಿ ಹಾಕಿ 20–30 ನಿಮಿಷ ಬಿಡುತ್ತಾರೆ. ವಾರಕ್ಕೆ 3–5 ಸಲ, 4–8 ವಾರ. (ಆಟಿ ತಿಂಗಳ ಮಳೆಯಲ್ಲಿ ಮಡಿಕೇರಿಗೆ ಅಷ್ಟು ಸಲ ಓಡಾಡಿಸುವುದಕ್ಕಿಂತ ಮಳೆ ಇಳಿದ ಮೇಲೆ ಶುರುಮಾಡುವುದು ಮೇಲು.)

ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ನುಂಗುತ್ತಿದ್ದರೆ ಮೊದಲು ಐಎನ್‌ಆರ್ (ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ತೋರಿಸುವ ಪರೀಕ್ಷೆ) ನೋಡಿಸಿ, ವೈದ್ಯರನ್ನು ಕೇಳಿ. ನೆತ್ತಿಯಲ್ಲಿ ರಕ್ತ ಬೇಗ ಒಸರುತ್ತದೆ. ಸೂಜಿ ತೆಗೆದ ಮೇಲೆ ಹತ್ತಿಯಿಂದ ಒತ್ತಿ ಹಿಡಿಯಬೇಕು. ಸೂಜಿಯ ಪೊಟ್ಟಣ ನಿಮ್ಮೆದುರೇ ಒಡೆಯಲಿ. ಪೇಸ್‌ಮೇಕರ್ ಇದ್ದವರಿಗೆ ಸೂಜಿಗೆ ಕರೆಂಟ್ ಕೊಡುವ ವಿಧಾನ ಬೇಡ. ಬಿಪಿ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ಯಾರು ಹೇಳಿದರೂ ನಿಲ್ಲಿಸಬೇಡಿ, ಪಾರ್ಶ್ವವಾಯು ಮತ್ತೊಮ್ಮೆ ಹೊಡೆದರೆ ಇದ್ದ ನೆನಪೂ ಹೋಗಬಹುದು.

ಇದಕ್ಕೂ ಮೊದಲು ಬಿ12, ಥೈರಾಯ್ಡ್, ಖಿನ್ನತೆ ತಪಾಸಣೆ ಆಗಲಿ. ನೆನಪು, ಗಮನ, ಯೋಚನೆಯನ್ನು ಅಳೆಯುವ 30 ಅಂಕದ ಮೋಕಾ (MoCA) ಪರೀಕ್ಷೆ ಕನ್ನಡದಲ್ಲೂ ಇದೆ. ಶುರುವಿಗೊಮ್ಮೆ, 8 ವಾರದ ಬಳಿಕ ಒಮ್ಮೆ ಮಾಡಿಸಿ. ಅಂಕ ಕದಲದಿದ್ದರೆ ಆ ದುಡ್ಡನ್ನು ಫಿಸಿಯೋಥೆರಪಿಗೆ, ಮಾತು–ನೆನಪಿನ ತರಬೇತಿಗೆ ಹಾಕಿ.