ಬ್ಯಾಂಕ್ ಎಲ್ಲಿ ಹೋಯ್ತು?

ಪ್ರಶ್ನೆ: ಹಲವು ಚಾನೆಲ್‌ಗಳನ್ನು ಸರದಿಯಾಗಿ ಆಲಿಸುವ ನನ್ನ ಹಳೆಯ ರೇಡಿಯೋ ಸ್ಕ್ಯಾನರ್‌ನಲ್ಲಿ ಬ್ಯಾಂಕ್, ಚಾನೆಲ್ ಅಂತಿತ್ತು. ಹೊಸದರಲ್ಲಿ ಸಿಸ್ಟಮ್, ಗ್ರೂಪ್ ಅಂತಿದೆ. ಬ್ಯಾಂಕ್ ಎಲ್ಲಿ ಹೋಯ್ತು?

ಉತ್ತರ: ಎಲ್ಲೂ ಹೋಗಿಲ್ಲ, ನಡುವಿನ ಗೋಡೆ ಒಡೆದಿದ್ದಾರೆ ಅಷ್ಟೇ. ಹಳೆಯ ಕ್ರಮದಲ್ಲಿ ಚಾನೆಲ್ ಇಡುವ ಜಾಗವನ್ನು ಮೊದಲೇ ಬ್ಯಾಂಕ್ ಎಂಬ ಗುಂಪುಗಳಾಗಿ ಹಂಚಿರುತ್ತಾರೆ. ಯೂನಿಡೆನ್ ಕಂಪನಿಯ ಬಿಸಿ125ಎಟಿ ಸ್ಕ್ಯಾನರ್ ನೋಡಿ: 500 ಚಾನೆಲ್, 10 ಬ್ಯಾಂಕ್, ಒಂದೊಂದರಲ್ಲಿ 50. ವಿಮಾನದ ಚಾನೆಲ್ ಬರೀ 12 ಇದ್ದರೆ ಆ ಬ್ಯಾಂಕಿನ ಉಳಿದ 38 ಸುಮ್ನೆ ಖಾಲಿ. ಆದರೂ ನನಗೆ ಇದೇ ಇಷ್ಟ. ಸ್ಕ್ಯಾನ್ ಆಗುವಾಗ 3 ಒತ್ತಿದರೆ ಮೂರನೇ ಬ್ಯಾಂಕ್ ಬಂದ್, ಇನ್ನೊಮ್ಮೆ ಒತ್ತಿದರೆ ಚಾಲೂ. ಮೆನು ಹುಡುಕುವ ಗೋಜಿಲ್ಲ.

ಹೊಸದರಲ್ಲಿ ಮೆಮೊರಿ ಎಲ್ಲಾ ಒಟ್ಟಿಗಿದೆ, ಬೇಕಾದಷ್ಟೇ ಬಳಕೆಯಾಗುತ್ತದೆ. ಟ್ರಂಕಿಂಗ್‌ಗೆ ಇದು ಅನುಕೂಲ. ಅಲ್ಲಿ ಕೆಲವೇ ಫ್ರೀಕ್ವೆನ್ಸಿಗಳನ್ನು ಹಲವು ತಂಡಗಳು ಹಂಚಿಕೊಳ್ಳುತ್ತವೆ, ಒಂದೇ ತಂಡದ ಮಾತು ಒಮ್ಮೆ ಒಂದರಲ್ಲಿ, ಇನ್ನೊಮ್ಮೆ ಇನ್ನೊಂದರಲ್ಲಿ ಬರುತ್ತದೆ. ನೀವು ಬೆನ್ನು ಹತ್ತಬೇಕಾದ್ದು ಫ್ರೀಕ್ವೆನ್ಸಿಯನ್ನಲ್ಲ, ಆ ತಂಡದ ಗುರುತಾದ ಟಾಕ್‌ಗ್ರೂಪ್ ನಂಬರನ್ನು. ಅದಕ್ಕೇ ಫ್ರೀಕ್ವೆನ್ಸಿಗಳು ಸಿಸ್ಟಮ್‌ಗೆ ಸೇರುತ್ತವೆ, ಟಾಕ್‌ಗ್ರೂಪ್‌ಗಳು ಅದರೊಳಗಿನ ಗ್ರೂಪ್‌ಗೆ.

ಹಳೇ ಅಭ್ಯಾಸ ಬಿಡಲಾಗದಿದ್ದರೆ ಒಂದೊಂದು ಬ್ಯಾಂಕಿಗೂ ಒಂದು ಸಿಸ್ಟಮ್ ಮಾಡಿ, ಅದಕ್ಕೊಂದು ಕ್ವಿಕ್ ಕೀ ನಂಬರ್ (ಒತ್ತಿದರೆ ಸಿಸ್ಟಮ್ ಚಾಲೂ ಇಲ್ಲವೇ ಬಂದ್ ಆಗುವ ನಂಬರ್) ಕೊಡಿ. ಇದನ್ನು ಜಾಸ್ತಿ ಜನ ಮರೀತಾರೆ. ಕೊಡದಿದ್ದರೆ ಆ ಸಿಸ್ಟಮನ್ನು ಬಟನ್ ಒತ್ತಿ ಬಂದ್ ಮಾಡಲು ಆಗುವುದಿಲ್ಲ, ಲಾಕೌಟ್ ಮಾಡುವವರೆಗೂ (ಸ್ಕ್ಯಾನ್‌ನಿಂದ ಹೊರಗಿಡುವವರೆಗೂ) ಸ್ಕ್ಯಾನ್ ಆಗುತ್ತಲೇ ಇರುತ್ತದೆ.