ಓದುಗರ ಪ್ರಶ್ನೆ: ಎದ್ದು ಕೂತ ರೋಗಿ ಮತ್ತೆ ಮಂಕಾದದ್ದೇಕೆ?

ಈ ಸಲ ಬಂದ ಪತ್ರಗಳಲ್ಲಿ ಮೂರು, ಮಾರ್ಫಿನ್ ಜಾತಿಯ ನೋವಿನ ಮದ್ದು (ಓಪಿಯಾಯ್ಡ್) ಮಿತಿಮೀರಿದಾಗಿನ ಆರೈಕೆಯ ಬಗ್ಗೆ. ಮೂರಕ್ಕೂ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಾನು ಉಡುಪಿಯಲ್ಲಿ ಕ್ಯಾಶುವಾಲ್ಟಿ ಸ್ಟಾಫ್ ನರ್ಸ್. ಯುವಕನೊಬ್ಬನನ್ನು ಪ್ರಜ್ಞೆ ಇಲ್ಲದೆ ತಂದರು. ಕಣ್ಣಿನ ಪಾಪೆ ಸೂಜಿಮೊನೆಯಷ್ಟು, ಉಸಿರು ನಿಮಿಷಕ್ಕೆ 6. ಡಾಕ್ಟರ್ ಹೇಳಿದಂತೆ ನಲಾಕ್ಸೋನ್ (ಓಪಿಯಾಯ್ಡಿನ ಪರಿಣಾಮ ಇಳಿಸುವ ಮದ್ದು) 0.4 ಮಿ.ಗ್ರಾಂ ಒಂದೇ ಸಲಕ್ಕೆ ಐವಿ ಕೊಟ್ಟೆವು. ಎರಡು ನಿಮಿಷದಲ್ಲಿ ಎದ್ದು ಕೂತು, ವಾಂತಿ ಮಾಡಿ, ಕ್ಯಾನುಲಾ (ರಕ್ತನಾಳಕ್ಕೆ ಚುಚ್ಚಿಟ್ಟ ಕೊಳವೆ) ಕಿತ್ತೆಸೆದ. 50 ನಿಮಿಷ ಕಳೆದಾಗ ಮತ್ತೆ ಗೊರಕೆ. ತಪ್ಪಿದ್ದೆಲ್ಲಿ?

ಉತ್ತರ: ಇಲ್ಲಿ ಎರಡು ಸಂಗತಿ ಉಂಟು ಸಿಸ್ಟರ್, ಬೇರೆಬೇರೆಯಾಗಿ ನೋಡೋಣ.

ವಾಂತಿ, ಸಿಟ್ಟು, ಕ್ಯಾನುಲಾ ಕೀಳುವುದು ಎಲ್ಲವೂ ಓಪಿಯಾಯ್ಡಿನ ಹಿಡಿತವನ್ನು ಒಮ್ಮೆಗೇ ಕಿತ್ತುಹಾಕಿದ್ದರ ಫಲ. ದಿನವೂ ಅಭ್ಯಾಸವಿದ್ದವರಲ್ಲಿ ಇದು ತೀವ್ರವಾಗಿರುತ್ತದೆ. ಅರೆಪ್ರಜ್ಞೆಯಲ್ಲಿ ವಾಂತಿಯಾದರೆ ಅದು ಶ್ವಾಸಕೋಶಕ್ಕಿಳಿಯುವ ಅಪಾಯವಿದೆ. ರೋಗಿ ಎದ್ದು ಮಾತಾಡಬೇಕೆಂಬುದು ನಮ್ಮ ಗುರಿಯಲ್ಲ, ಅವನ ಉಸಿರು ನಿಮಿಷಕ್ಕೆ 12ರ ಹತ್ತಿರ ಬಂದರೆ ಸಾಕು. 1 ಮಿ.ಲೀ.ನ ಆಂಪ್ಯೂಲನ್ನು (0.4 ಮಿ.ಗ್ರಾಂ) 9 ಮಿ.ಲೀ. ನಾರ್ಮಲ್ ಸಲೈನ್ ಜತೆ 10 ಮಿ.ಲೀ. ಸಿರಿಂಜಿಗೆ ಎಳೆದರೆ ಪ್ರತಿ ಮಿ.ಲೀ.ನಲ್ಲಿ 0.04 ಮಿ.ಗ್ರಾಂ ಇರುತ್ತದೆ. ಡಾಕ್ಟರ್ ಆದೇಶದ ಮೇರೆಗೆ ಎರಡು ಮೂರು ನಿಮಿಷಕ್ಕೊಮ್ಮೆ 1–2 ಮಿ.ಲೀ. ಕೊಡುತ್ತಾ, ಎದೆ ಏರಿಳಿಯುವುದನ್ನೇ ನೋಡುತ್ತಿರಿ. ಉಸಿರು ಪೂರ್ತಿ ನಿಂತಿದ್ದರೆ ಮಾತ್ರ ಇಷ್ಟು ಸಣ್ಣ ಲೆಕ್ಕ ಹಿಡಿದು ಕೂರಬಾರದು. ಆಗ 0.4ರಿಂದ 2 ಮಿ.ಗ್ರಾಂ ಒಮ್ಮೆಗೇ ಕೊಡಬೇಕಾಗುತ್ತದೆ. ಒಟ್ಟು 10 ಮಿ.ಗ್ರಾಂ ದಾಟಿದರೂ ಬದಲಾವಣೆ ಇಲ್ಲದಿದ್ದರೆ ಕಾರಣ ಬೇರೆಯೇ ಇರಬಹುದು. ಗ್ಲುಕೋಮೀಟರ್ ಪರೀಕ್ಷೆಯಂತೂ ಮೊದಲ ಐದು ನಿಮಿಷದಲ್ಲೇ ಆಗಿರಬೇಕು.

ಇದೆಲ್ಲಕ್ಕಿಂತ ಮೊದಲು ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ). ಐದಾರು ಸೆಕೆಂಡಿಗೊಮ್ಮೆ, ಎದೆ ಸ್ವಲ್ಪ ಏಳುವಷ್ಟೇ ಒತ್ತಿ. ರೋಗಿಯನ್ನು ಉಳಿಸುವುದು ಗಾಳಿ, ನಲಾಕ್ಸೋನ್ ನಂತರದ್ದು. ಆಕ್ಸಿಜನ್ ಹಾಕಿದ ಮೇಲೆ ಬೆರಳಿನ ಮೀಟರ್ 98 ತೋರಿಸಿದರೆ ನಿಶ್ಚಿಂತರಾಗಬೇಡಿ. ಉಸಿರು ನಿಮಿಷಕ್ಕೆ ಐದಿದ್ದರೂ ಆ ಅಂಕಿ ಚಂದವೇ ಇರುತ್ತದೆ, ಒಳಗೆ ಇಂಗಾಲದ ಡೈಆಕ್ಸೈಡ್ ಮಾತ್ರ ಏರುತ್ತಲೇ ಇರುತ್ತದೆ. ಮಾನಿಟರಿನಲ್ಲಿ ಕ್ಯಾಪ್ನೋಗ್ರಫಿ (ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯುವ ಸೌಲಭ್ಯ) ಇದ್ದರೆ ಹಾಕಿ. ಇಲ್ಲವಾದರೆ ರೋಗಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ರೂಢಿ ಇಂಥ ರೋಗಿಗೆ ಸಲ್ಲದು.

ಎರಡನೆಯದು, 50 ನಿಮಿಷದ ನಂತರದ ಮಂಕು. ನಲಾಕ್ಸೋನ್ ಕೆಲಸ ಮಾಡುವುದು ಸುಮಾರು 30ರಿಂದ 90 ನಿಮಿಷ. ನಿಧಾನವಾಗಿ ಬಿಡುಗಡೆಯಾಗುವ ಮಾರ್ಫಿನ್ ಮಾತ್ರೆಯಾಗಲಿ ಮೆಥಡೋನ್ ಆಗಲಿ ಅಷ್ಟು ಬೇಗ ಇಳಿಯುವುದಿಲ್ಲ. ನಲಾಕ್ಸೋನ್ ಜಾಗ ಬಿಟ್ಟ ಕೂಡಲೇ ಅವು ಬಂದು ಕೂರುತ್ತವೆ. ಹೀಗೆ ಮರುಕಳಿಸಿದರೆ, ಮೊದಲು ಫಲಕೊಟ್ಟ ಒಟ್ಟು ಪ್ರಮಾಣದ ಮೂರನೇ ಎರಡು ಭಾಗವನ್ನು ಪ್ರತಿ ಗಂಟೆಗೆ ಸಿರಿಂಜ್ ಪಂಪಿನಲ್ಲಿ ಹರಿಸುತ್ತಾರೆ. ಉದಾಹರಣೆಗೆ 0.3 ಮಿ.ಗ್ರಾಂ ಸಾಕಾಗಿದ್ದರೆ ಗಂಟೆಗೆ 0.2. ಐದು ಆಂಪ್ಯೂಲಿಗೆ 45 ಮಿ.ಲೀ. ಸಲೈನ್ ಸೇರಿಸಿದರೆ ಅದೇ 0.04ರ ಬಲ, ಪಂಪ್ ಗಂಟೆಗೆ 5 ಮಿ.ಲೀ. ಕೈಸಿರಿಂಜಿನದೂ ಪಂಪಿನದೂ ಒಂದೇ ಬಲವಾಗಿದ್ದರೆ ನಡುರಾತ್ರಿ ಲೆಕ್ಕ ತಪ್ಪುವುದಿಲ್ಲ.

ಕೊನೆಯ ಡೋಸಿನ ಬಳಿಕ ಎರಡು ಗಂಟೆಯವರೆಗೆ, ಕಾಲು ಗಂಟೆಗೊಮ್ಮೆ ಉಸಿರು, ಎಚ್ಚರ, ಪಾಪೆ ಬರೆಯಿರಿ. ದೀರ್ಘಾವಧಿಯ ಮದ್ದಾದರೆ 24 ಗಂಟೆ ಬೆಡ್ ಬಿಡಿಸುವುದು ಬೇಡ. "ಹುಷಾರಾಗಿದ್ದಾನೆ, ಕರೆದುಕೊಂಡು ಹೋಗ್ತೇವೆ" ಎಂದು ಮನೆಯವರು ಹಟ ಹಿಡಿಯುವುದು ಇದೇ ಹೊತ್ತಿನಲ್ಲಿ. ಅವರನ್ನು ಕೂರಿಸಿ, ಎಚ್ಚರಿಸಿದ ಮದ್ದು ಮೊದಲು ಮುಗಿಯುತ್ತದೆ, ಮಲಗಿಸಿದ್ದು ಒಳಗೇ ಉಳಿಯುತ್ತದೆ ಎಂದು ಬಿಡಿಸಿ ಹೇಳಿ.

ಪ್ರಶ್ನೆ: ಓಪಿಯಾಯ್ಡ್ ಮಿತಿಮೀರಿದ ರೋಗಿಯ ಕೇರ್ ಪ್ಲಾನಿನಲ್ಲಿ "ತಂಡದೊಂದಿಗೆ ಸಹಕರಿಸುವುದು" ಎಂದು ಬರೆದದ್ದಕ್ಕೆ ಮೇಡಂ ಕೆಂಪು ಗೆರೆ ಹಾಕಿದರು. ಇನ್ನೇನು ಬರೆಯಬೇಕು? (ನರ್ಸಿಂಗ್ ವಿದ್ಯಾರ್ಥಿನಿ, ಮಂಗಳೂರು)

ಉತ್ತರ: ಮೇಡಂ ಹಾಕಿದ ಗೆರೆ ಸರಿಯೇ. ಯಾರಿಗೆ, ಏನನ್ನು, ಯಾವಾಗ ಹೇಳುತ್ತೀರಿ ಎಂಬುದನ್ನು ಬರೆಯಿರಿ.

ಜೇಬಿನಲ್ಲಿ ಸಿಕ್ಕ ಖಾಲಿ ಸ್ಟ್ರಿಪ್ ಫಾರ್ಮಸಿಸ್ಟ್ ಕೈಗೆ ಹೋಗಬೇಕು. ಟ್ರಮಡಾಲ್ (ಇದೂ ಓಪಿಯಾಯ್ಡೇ) 37.5 ಮಿ.ಗ್ರಾಂ, ಪ್ಯಾರಾಸಿಟಮಾಲ್ 325 ಮಿ.ಗ್ರಾಂ ಸೇರಿದ ಮಾತ್ರೆ 40 ನುಂಗಿದ್ದರೆ 13 ಗ್ರಾಂ ಪ್ಯಾರಾಸಿಟಮಾಲ್ ಹೊಟ್ಟೆ ಸೇರಿತು. ಉಸಿರು ಸರಿಯಾಗಿ ಮನೆಗೆ ಹೋದವನ ಪಿತ್ತಜನಕಾಂಗ ಮೂರನೇ ದಿನ ಕೈಕೊಡಬಹುದು. ಹಾಗಾಗಿ ನುಂಗಿ ನಾಲ್ಕು ಗಂಟೆಯಾದ ಮೇಲಿನ ರಕ್ತದ ಮಟ್ಟ ನೋಡಬೇಕು, ಅಗತ್ಯವಿದ್ದರೆ ಅಸಿಟೈಲ್‌ಸಿಸ್ಟೀನ್ (ಪ್ಯಾರಾಸಿಟಮಾಲ್ ವಿಷಕ್ಕೆ ಪ್ರತಿಮದ್ದು) ಶುರುವಾಗಬೇಕು. ಟ್ರಮಡಾಲಿನಿಂದ ಫಿಟ್ಸ್ ಬರುತ್ತದೆ, ಪಾಪೆ ಕಿರಿದಾಗದೆಯೂ ಇರಬಹುದು. ಲ್ಯಾಬಿನ ಮೂತ್ರದ ಸಾಮಾನ್ಯ ಓಪಿಯೇಟ್ ಕಿಟ್ ಟ್ರಮಡಾಲನ್ನೂ ಫೆಂಟಾನಿಲನ್ನೂ ಹಿಡಿಯುವುದಿಲ್ಲ. ನೆಗೆಟಿವ್ ಬಂತೆಂದು ಕೈಬಿಡುವಂತಿಲ್ಲ.

ಹಾಸಿಗೆ ಬಟ್ಟೆ ಬದಲಿಸುವಾಗ ಇಡೀ ಮೈ ನೋಡಿ. ಗಂಟೆಗಟ್ಟಲೆ ಒಂದೇ ಕೈಯ ಮೇಲೆ ಬಿದ್ದಿದ್ದವರ ತೋಳು ಕಲ್ಲಿನಂತೆ ಬಿಗಿದಿರುತ್ತದೆ, ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗುತ್ತದೆ. ಕೂಡಲೇ ಸರ್ಜನ್ನರಿಗೆ ತಿಳಿಸಿ, ಸಿಕೆ (ಸ್ನಾಯುವಿನ ಹಾನಿ ತೋರಿಸುವ ರಕ್ತಪರೀಕ್ಷೆ) ಮತ್ತು ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ) ಕಳುಹಿಸಿ, ಮೂತ್ರದ ಲೆಕ್ಕ ಗಂಟೆಗಂಟೆಗೂ ಇಡಿ. ಮಣಿಕಟ್ಟು ಜೋತುಬಿದ್ದಿದ್ದರೆ ಫಿಸಿಯೋಥೆರಪಿಸ್ಟರನ್ನು ಅಂದೇ ಕರೆಸಿ.

ಮನೋವೈದ್ಯರ ಭೇಟಿಯನ್ನು ಡಿಸ್ಚಾರ್ಜಿನ ದಿನಕ್ಕೆ ಉಳಿಸಬೇಡಿ. "ಸಾಯಬೇಕೆಂದು ತೆಗೆದುಕೊಂಡಿರಾ?" ಎಂದು ಏಕಾಂತದಲ್ಲಿ, ಅವರ ಮನೆಮಾತಿನಲ್ಲೇ ಕೇಳಿ. ತುಳುವಿನಲ್ಲೋ ಬ್ಯಾರಿಯಲ್ಲೋ ಕೇಳಿದಾಗ ಬರುವ ಉತ್ತರವೇ ಬೇರೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ 2017ರ ಮಾನಸಿಕ ಆರೋಗ್ಯ ಕಾಯ್ದೆ ಭಾವಿಸುತ್ತದೆ. ಪೊಲೀಸ್ ಭಯದಿಂದ ಬಾಯಿ ಬಿಡದ ಮನೆಯವರಿಗೆ ಸಮಾಜ ಕಾರ್ಯಕರ್ತರು ಇದನ್ನು ತಿಳಿಸಲಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆದುಕೊಡಲಿ. ವ್ಯಸನವಿದ್ದವರಾದರೆ ಇನ್ನೊಂದು ಮಾತು ಕಡ್ಡಾಯ: ಕೆಲವು ವಾರ ಬಿಟ್ಟರೆ ದೇಹದ ತಾಳಿಕೆ ಇಳಿಯುತ್ತದೆ, ಹಿಂದೆ ದಕ್ಕುತ್ತಿದ್ದ ಪ್ರಮಾಣವೇ ಈಗ ಜೀವ ತೆಗೆಯಬಹುದು.

ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ) ದಾಖಲೆ ವೈದ್ಯರ ಕೆಲಸ. ನಿಮ್ಮ ಕೇಸ್ ಶೀಟಿನಲ್ಲಿ "ಡ್ರಗ್ಸ್ ಚಟದವನು" ಎಂದು ಷರಾ ಬರೆಯದೆ, ಕಂಡದ್ದನ್ನು ಗಂಟೆ ನಿಮಿಷ ಸಹಿತ ಬರೆಯಿರಿ.

ಪ್ರಶ್ನೆ: ಅಮ್ಮನಿಗೆ ಕ್ಯಾನ್ಸರ್, ಫೆಂಟಾನಿಲ್ ಪ್ಯಾಚ್ ಹಚ್ಚುತ್ತೇವೆ. ಜಾಸ್ತಿಯಾದರೆ ಮನೆಯಲ್ಲಿ ಗೊತ್ತಾಗುವುದು ಹೇಗೆ? (ಕುಂದಾಪುರ)

ಉತ್ತರ: ಹೆದರಿ ಮದ್ದು ನಿಲ್ಲಿಸಬೇಡಿ, ನೋವು ಮರಳುತ್ತದೆ. ಕರೆದರೆ ಕಣ್ಣು ಬಿಟ್ಟು ಉತ್ತರಿಸಿದರೆ ಅದು ನಿದ್ದೆ. ಭುಜ ಅಲುಗಿಸಿದರೂ ಏಳದೆ, ಗೊರಗೊರ ಸದ್ದು, ತುಟಿ ನೀಲಿ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಇದ್ದರೆ ಪ್ಯಾಚ್ ತೆಗೆದು, ಆ ಜಾಗ ನೀರಿನಿಂದ ತೊಳೆದು, ಎಡಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ. ಲಿಂಬೆ ಶರಬತ್ತು, ಕಾಫಿ, ಮಜ್ಜಿಗೆ ಯಾವುದನ್ನೂ ಬಾಯಿಗೆ ಹಾಕಬೇಡಿ. ತೆಗೆದ ಮೇಲೂ ಚರ್ಮದಡಿ ಉಳಿದ ಮದ್ದು ಹಲವು ಗಂಟೆ ರಕ್ತಕ್ಕಿಳಿಯುತ್ತಲೇ ಇರುತ್ತದೆ. ಆದ್ದರಿಂದ ಎಚ್ಚರಾದರೂ ಆಸ್ಪತ್ರೆಗೆ ಹೋಗಲೇಬೇಕು.

ಪ್ಯಾಚ್ ಇರುವಾಗ ಬಿಸಿನೀರಿನ ಚೀಲವನ್ನು ಅದರ ಮೇಲಿಡಬಾರದು, ಹಂಡೆಯ ಸುಡುನೀರು ಬೆನ್ನಿಗೆ ಹೊಯ್ಯಬಾರದು. ಬಿಸಿಗೆ ಮದ್ದು ಬೇಗ ಒಳಹೋಗುತ್ತದೆ, ಜ್ವರ ಬಂದರೂ ಹಾಗೆಯೇ. ಹೊಸದು ಹಚ್ಚುವ ಮೊದಲು ಹಳೆಯದನ್ನು ಹುಡುಕಿ ತೆಗೆಯಿರಿ. ಬೆನ್ನ ಮೇಲೆ ಎರಡು ಉಳಿದುಬಿಡುವುದು ಅಪರೂಪವಲ್ಲ. ಹಚ್ಚಿದ ದಿನ, ಗಂಟೆ, ಜಾಗವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ತೆಗೆದದ್ದರಲ್ಲೂ ಮದ್ದು ಉಳಿದಿರುತ್ತದೆ, ಅಂಟು ಬದಿ ಒಳಗಾಗುವಂತೆ ಮಡಚಿ ಮಕ್ಕಳ ಕೈಗೆ ಸಿಗದಂತೆ ಇಡಿ. ಆಸ್ಪತ್ರೆಯಲ್ಲಿ ಬರೇ "ಬೇನೆದ ಮರ್ದ್" (ತುಳುವಿನಲ್ಲಿ ನೋವಿನ ಮದ್ದು) ಎನ್ನಬೇಡಿ, ಪ್ಯಾಚಿನ ಕವರನ್ನೇ ತೋರಿಸಿ.