ಮಗಳ ಪ್ಲ್ಯಾನ್ ಮಗಳೇ ಬರೆಯಲಿ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂನಿಂದ ಓದುಗರೊಬ್ಬರು ಬರೆದಿದ್ದಾರೆ: "ಮಗಳು ಎಂಟನೇ ತರಗತಿ. ಶಾಲೆಯವರು 'ಹೈಸ್ಕೂಲ್ ಆ್ಯಂಡ್ ಬಿಯಾಂಡ್ ಪ್ಲ್ಯಾನ್' ತುಂಬಲು ಹೇಳಿದ್ದಾರೆ. ಮುಂದೆ ಏನಾಗುತ್ತೀಯ, ನಾಲ್ಕು ವರ್ಷ ಏನೇನು ಓದುತ್ತೀಯ ಅಂತೆಲ್ಲ ಕೇಳಿದ್ದಾರೆ. ನಾನು ದಾವಣಗೆರೆಯಲ್ಲಿ ಎಸ್ಸೆಸ್ಸೆಲ್ಸಿ ಓದಿದವಳು. 625ಕ್ಕೆ ಎಷ್ಟು ಬಂತು ಅನ್ನೋದೊಂದೇ ನಮಗೆ ಗೊತ್ತಿದ್ದ ಲೆಕ್ಕ. ಇಷ್ಟು ಚಿಕ್ಕ ಮಗುವನ್ನು ಈಗಲೇ ಕಟ್ಟಿಹಾಕಿದಂತೆ ಆಗೋದಿಲ್ವಾ? ನಾವಿಬ್ಬರೇ ಕೂತು 'ಡಾಕ್ಟರ್' ಅಂತ ಬರೆದು ಮುಗಿಸೋಣ ಅಂದುಕೊಂಡಿದ್ದೇವೆ."

ಅಮ್ಮಾ, ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಆ ಪ್ಲ್ಯಾನ್ ಮಗಳನ್ನು ಕಟ್ಟಿಹಾಕುವ ಕರಾರುಪತ್ರವಲ್ಲ. ನಿಮ್ಮ ರಾಜ್ಯದಲ್ಲಿ ಅದು ಏಳು-ಎಂಟನೇ ತರಗತಿಯಲ್ಲೇ ಶುರುವಾಗುತ್ತದೆ, ಹೈಸ್ಕೂಲು (ಅಲ್ಲಿ ಒಂಬತ್ತರಿಂದ ಹನ್ನೆರಡನೇ ತರಗತಿ) ಮುಗಿಯುವವರೆಗೂ ತಿದ್ದುತ್ತಾ ಹೋಗಬಹುದು. ಈ ವರ್ಷ ಪಶುವೈದ್ಯೆ ಅಂದವಳು ಮುಂದಿನ ವರ್ಷ ಸಂಗೀತ ಅಂದರೆ ಯಾರೂ ಬೈಯುವುದಿಲ್ಲ.

ಹಾಗಂತ ಸುಮ್ನೆ ಏನೋ ಒಂದು ಗೀಚಿ ಕೊಡುವ ಕಾಗದವೂ ಅಲ್ಲ. ಅದು ಏಕೆ ಅಂತ ತಿಳಿಯಲು ಕ್ರೆಡಿಟ್ ಲೆಕ್ಕ ನೋಡಬೇಕು. ಒಂದು ವಿಷಯವನ್ನು ವರ್ಷವಿಡೀ ಓದಿ ಪಾಸಾದರೆ ಸಾಮಾನ್ಯವಾಗಿ ಒಂದು ಕ್ರೆಡಿಟ್. 2019ರಲ್ಲಿ ಹೈಸ್ಕೂಲು ಮುಗಿಸಿದ ಮಕ್ಕಳಿಂದ ಹಿಡಿದು ಅಲ್ಲಿ ಡಿಪ್ಲೊಮಾಕ್ಕೆ, ಅಂದರೆ ಹೈಸ್ಕೂಲು ಮುಗಿಸಿದ ಪ್ರಮಾಣಪತ್ರಕ್ಕೆ, 24 ಕ್ರೆಡಿಟ್ ಬೇಕು. ಇಂಗ್ಲಿಷ್ 4. ಗಣಿತ, ವಿಜ್ಞಾನ, ಸಮಾಜ ತಲಾ 3. ಕಲೆ 2, ಬೇರೊಂದು ಭಾಷೆ 2, ಆರೋಗ್ಯ ಮತ್ತು ವ್ಯಾಯಾಮ 2, ವೃತ್ತಿಶಿಕ್ಷಣ 1, ಇಷ್ಟದ ವಿಷಯಗಳು 4. ಈಗ ದಿನಕ್ಕೆ ಆರು ಪೀರಿಯಡ್ ನಡೆಸುವ ಶಾಲೆಯೊಂದನ್ನು ನೆನೆಸಿಕೊಳ್ಳಿ. ವರ್ಷಕ್ಕೆ ಆರು ಕ್ರೆಡಿಟ್, ನಾಲ್ಕು ವರ್ಷಕ್ಕೆ ಸರಿಯಾಗಿ 24. ಒಂದು ವಿಷಯದಲ್ಲಿ ಫೇಲಾದರೂ ಲೆಕ್ಕ ತಪ್ಪುತ್ತದೆ. ಬೇಸಿಗೆ ತರಗತಿಗೋ ಇನ್ನೆಲ್ಲಿಗೋ ಓಡಬೇಕು. ಮಕ್ಕಳಿಗೆ ಎಡವಲು ಜಾಗವನ್ನೇ ಬಿಡದ ಈ ಲೆಕ್ಕ ನನಗೆ ಇಷ್ಟವಿಲ್ಲ. ಮಗುವಿನ ಪರಿಸ್ಥಿತಿ ನೋಡಿ ಎರಡು ಕ್ರೆಡಿಟ್‌ವರೆಗೆ ಬಿಟ್ಟುಕೊಡುವ ಅವಕಾಶ ಸ್ಥಳೀಯ ಶಾಲಾ ಆಡಳಿತಕ್ಕಿದೆ, ಅದೊಂದು ಸಮಾಧಾನ. ಆದರೆ ಇಷ್ಟದ ವಿಷಯಗಳ 4, ಭಾಷೆಯ 2, ಕಲೆಯ 1 ಬಿಟ್ಟು ಉಳಿದ, ಕಡ್ಡಾಯವಾದ 17 ಕ್ರೆಡಿಟ್‌ಗಳನ್ನು ಮುಟ್ಟುವಂತಿಲ್ಲ.

ಪ್ಲ್ಯಾನ್‌ನಲ್ಲಿ ಬರೆದ ಮಾತಿಗೆ ತೂಕ ಬರುವುದು ಇಲ್ಲೇ. ಕಲೆಯ ಒಂದು ಕ್ರೆಡಿಟ್, ಭಾಷೆಯ ಎರಡೂ ಕ್ರೆಡಿಟ್ ಬದಲಿಗೆ ಮಗು ತನ್ನ ಗುರಿಗೆ ಹೊಂದುವ ಬೇರೆ ವಿಷಯ ತೆಗೆದುಕೊಳ್ಳಬಹುದು. ಮೂರನೇ ವರ್ಷದ ಗಣಿತ ಯಾವುದು ಅನ್ನೋದೂ ಅವಳ ಆಸಕ್ತಿ ಮತ್ತು ಪ್ಲ್ಯಾನ್ ನೋಡಿಯೇ ತೀರ್ಮಾನವಾಗುತ್ತದೆ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿಗೆ ಸೇರಿಸಿಕೊಳ್ಳುವಾಗ ಭಾಷೆಯ ಆ ಎರಡು ಕ್ರೆಡಿಟ್ ಕೇಳುತ್ತವೆ. ಹತ್ತನೇ ತರಗತಿಯಲ್ಲಿ ಸುಲಭವಾಗುತ್ತೆ ಅಂತ ಬಿಟ್ಟ ವಿಷಯ ಹನ್ನೆರಡನೇ ತರಗತಿಯಲ್ಲಿ ಬಾಗಿಲು ಹಾಕಬಹುದು. ಡಿಪ್ಲೊಮಾ ಕೈಗೆ ಬಂದಿರುತ್ತದೆ, ಕಾಲೇಜಿನ ಅರ್ಜಿ ಮಾತ್ರ ಮುಂದೆ ಹೋಗುವುದಿಲ್ಲ. ಹಾಗಾಗಿ ಪ್ರತಿ ವರ್ಷ ಆ ಹಾಳೆಯನ್ನು ಮುಂದಿಟ್ಟುಕೊಂಡು ಶಾಲೆಯ ಕೌನ್ಸೆಲರ್ ಜೊತೆ ಕೂತು ಮಾತಾಡಿ. ನಿಮ್ಮ ಕೆಲಸ ಅದು. ಬರೆಯುವುದು ಮಗಳ ಕೆಲಸ.

ಡಿಪ್ಲೊಮಾಕ್ಕೆ ಕ್ರೆಡಿಟ್ ಅಲ್ಲದೆ 'ಗ್ರ್ಯಾಜುಯೇಷನ್ ಪಾತ್‌ವೇ' ಅಂತ ಇನ್ನೊಂದು ಷರತ್ತಿದೆ. ರಾಜ್ಯದ ಪರೀಕ್ಷೆ, ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆ, ಕಾಲೇಜು ಕ್ರೆಡಿಟ್ ಕೊಡುವ ಕೋರ್ಸು, ವೃತ್ತಿಶಿಕ್ಷಣದ ಸರಣಿ, ಹೀಗೆ ಹಲವು ದಾರಿಗಳಲ್ಲಿ ಒಂದನ್ನು ಪೂರೈಸಿದರೆ ಸಾಕು. ಈಗಲೇ ಅದರ ಚಿಂತೆ ಬೇಡ.

'ಡಾಕ್ಟರ್' ವಿಷಯಕ್ಕೆ ಬರುತ್ತೇನೆ. ನನ್ನ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲೇ ಸೈನ್ಸೋ ಕಾಮರ್ಸೋ ಆರ್ಟ್ಸೋ ಅಂತ ಮನೆಯಲ್ಲಿ ತೀರ್ಮಾನವಾಯಿತು. ನಡುಮನೆಯಲ್ಲಿ ನಾಲ್ಕು ಜನ ದೊಡ್ಡವರು ಕೂತು ಮಾತಾಡಿದರು, ನಾನು ಬಾಗಿಲ ಹತ್ತಿರ ನಿಂತಿದ್ದೆ. ನಿನಗೇನಿಷ್ಟ ಅಂತ ಯಾರೂ ಕೇಳಲಿಲ್ಲ. ಎರಡು ವರ್ಷ ಭೌತಶಾಸ್ತ್ರದ ಪುಸ್ತಕದ ಒಳಗೆ ಕಥೆಪುಸ್ತಕ ಇಟ್ಟುಕೊಂಡು ಓದಿದೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಗೊತ್ತಿದ್ದ ದಾರಿ ಅದೊಂದೇ. ಆದರೆ ನಿಮ್ಮ ಮಗಳಿಗೆ ಆ ಪ್ರಶ್ನೆಯನ್ನು ಶಾಲೆಯೇ ಕೇಳುತ್ತಿದೆ, ಉತ್ತರ ಬದಲಿಸಲು ವರ್ಷಗಟ್ಟಲೆ ಸಮಯವನ್ನೂ ಕೊಡುತ್ತಿದೆ. ನಮ್ಮ ಮಕ್ಕಳಿಗೂ ಇಲ್ಲಿ ಎಂಟನೇ ತರಗತಿಯಿಂದಲೇ ಇಂಥದ್ದೊಂದು ಮಾತುಕತೆ ಶುರುವಾಗಬೇಕು ಅನ್ನೋದು ನನ್ನ ದೊಡ್ಡ ಆಸೆ.

'ಏನಾಗುತ್ತೀಯ' ಅಂತ ಕೇಳಿದರೆ ಆ ವಯಸ್ಸಿನ ಮಕ್ಕಳು ನಮಗೆ ಖುಷಿಯಾಗುವ ಉತ್ತರ ಕೊಡುತ್ತಾರೆ. ಬದಲಿಗೆ ಯಾವ ಕೆಲಸ ಮಾಡುವಾಗ ಹೊತ್ತು ಹೋದದ್ದೇ ಗೊತ್ತಾಗಲ್ಲ ಅಂತ ಕೇಳಿ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯಲು ಬಿಡಿ.

ಇನ್ನೊಂದು ಮಾತು. ಮನೆಭಾಷೆ ಚೆನ್ನಾಗಿ ಬರುವ ಮಕ್ಕಳು ಪರೀಕ್ಷೆ ಬರೆದು ಭಾಷೆಯ ಕ್ರೆಡಿಟ್ ಗಳಿಸುವ ಅವಕಾಶ ವಾಷಿಂಗ್ಟನ್‌ನಲ್ಲಿದೆ. ಕನ್ನಡಕ್ಕೆ ಇದನ್ನು ಹೇಗೆ ಮಾಡಿಸಬೇಕು ಅಂತ ಕೌನ್ಸೆಲರ್ ಹತ್ತಿರ ಈಗಲೇ ವಿಚಾರಿಸಿ. ಆದರೆ ಅಜ್ಜಿ ಜೊತೆ ಫೋನಿನಲ್ಲಿ ಮಾತಾಡಿದರಷ್ಟೇ ಸಾಲದು, ಓದಲೂ ಬರೆಯಲೂ ಬರಬೇಕು. ಅವಳಿಗೆ ಇನ್ನೂ ಒತ್ತಕ್ಷರ ಬರದಿದ್ದರೆ ಈ ಭಾನುವಾರವೇ ಶುರು ಮಾಡಿ. ವಿಳಾಸ ಬರೆದು ಕಳಿಸಿ, ನಮ್ಮ ಪತ್ರಿಕೆಯ ಮಕ್ಕಳ ಪುಟಗಳನ್ನು ಒಟ್ಟುಮಾಡಿ ಅವಳ ಹೆಸರಿಗೆ ಕಳಿಸುತ್ತೇನೆ.

— ಸಂಪಾದಕ